ತಾಮ್ರ ಅರಳಿಸುವ ಕೈ

ತಾಮ್ರದ ಪೈಪಿನ ಬಾಯಿಯನ್ನು ತನ್ನ ಕೈಯಾರೆ ಅರಳಿಸಬೇಕೆಂಬ ಆಸೆ ಅತ್ತಿಗೆಗೆ ಹುಟ್ಟಿ ವರ್ಷಗಳೇ ಆಗಿದ್ದವು. ಮೈದುನನ ಜೊತೆ ಮನೆಮನೆಗೆ ಹೋಗಿ ಎಸಿ ಕೂರಿಸುವ ಹೆಲ್ಪರ್ ಅವಳು. ಗೋಡೆ ಕೊರೆದ ಧೂಳು ಗುಡಿಸುವುದು, ಹೊರಗಿನ ಯೂನಿಟ್ಟನ್ನು ಹೆಗಲ ಮೇಲೆ ಹೊತ್ತು ತಾರಸಿಗೆ ಸಾಗಿಸುವುದು, ಪೈಪು ಹಿಡಿದು ನಿಲ್ಲುವುದು ಅವಳ ಪಾಲಿನದು. ಗ್ಯಾಸ್ ಓಡಾಡುವ ಆ ಪೈಪಿನ ತುದಿಯನ್ನು ಚೂರೂ ಸೀಳದಂತೆ ಹೂವಿನ ಹಾಗೆ ಅಗಲಿಸುವ ಕೆಲಸ ಮಾತ್ರ ಮೇಸ್ತ್ರಿಯದು. ಮೇಸ್ತ್ರಿ ಅಂದರೆ ಮೈದುನ.

ಅವನಿಗಿಂತ ಮೊದಲು ಮೇಸ್ತ್ರಿಯಾಗಿದ್ದವನು ಅವಳ ಗಂಡ. ಅವನು ತೀರಿಕೊಂಡಾಗ ಕಸುಬು ನೇರವಾಗಿ ತಮ್ಮನ ಕೈಗೆ ಹೋಯಿತು. ಆ ತಮ್ಮ ಆಗಿನ್ನೂ ಸ್ಪ್ಯಾನರ್ ಯಾವುದು, ಇಕ್ಕಳ ಯಾವುದು ಎಂದು ತಡಕಾಡುತ್ತಿದ್ದ. ಇವಳು ಗಂಡನ ಬೆನ್ನಿಗೆ ಊರೆಲ್ಲ ಸುತ್ತಿ ಪಳಗಿದ್ದಳು. ಆದರೂ ಯಾರ ಬಾಯಲ್ಲೂ ಇವಳ ಹೆಸರು ಬರಲಿಲ್ಲ. ಬರಬೇಕಿತ್ತೆಂದು ಯಾರಿಗೂ ಅನ್ನಿಸಲೂ ಇಲ್ಲ. ಗಂಡಸು ಹೆಲ್ಪರ್ ಆಗಿ ಸೇರಿದರೆ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಮೇಸ್ತ್ರಿ, ಆಮೇಲೆ ಸೂಪರ್‌ವೈಸರ್, ಅದೃಷ್ಟವಿದ್ದರೆ ಸ್ವಂತ ಅಂಗಡಿ. ಹೆಂಗಸು ಸೇರಿದರೆ ಮಂಡಿ ಸವೆಯುವ ತನಕ ಹೆಲ್ಪರ್.

ತರಬೇತಿ ಕೇಂದ್ರದ ಸಂಜೆ ತರಗತಿಗೆ ಜನ ತೆಗೆದುಕೊಳ್ಳುತ್ತಾರೆಂಬ ಸುದ್ದಿ ಸಿಕ್ಕ ದಿನವೇ ಅವಳು ಮೈದುನನ ಮುಂದೆ ಬಾಯಿಬಿಟ್ಟಳು. ಅದನ್ನು ಮುಗಿಸಿದವರನ್ನು ಕಂಪನಿಗಳು ಮೇಸ್ತ್ರಿ ಎಂದೇ ಕೆಲಸಕ್ಕೆ ಕರೆಯುತ್ತಿದ್ದವು. ಸೇರಲು ಕೈಪರೀಕ್ಷೆ ಒಂದೇ: ಕೊಟ್ಟ ಪೈಪಿನಿಂದ ಒಳಗಿನ, ಹೊರಗಿನ ಯೂನಿಟ್ ಜೋಡಿಸಬೇಕು, ಸೋಪಿನ ನೊರೆ ಹಚ್ಚಿದರೆ ಗ್ಯಾಸ್ ಸೋರಿ ಗುಳ್ಳೆ ಏಳಬಾರದು.

"ಅಲ್ಲ ಅತ್ತಿಗೆ, ನೀವು ಮೇಸ್ತ್ರಿಯಾದ್ರೆ ನನಗೆ ಹೆಲ್ಪರ್ ಯಾರು?"

"ಯಾರೋ ಸಿಗ್ತಾರೆ ಬಿಡು. ನಿನಗೇ ಕೆಲಸ ಸಿಗದಿದ್ರೆ ನನ್ನ ಹತ್ರ ಸೇರ್ಕೋ, ನೋಡ್ಕೋತೀನಿ."

ಅವನು ನಕ್ಕ. ಪರೀಕ್ಷೆಯ ದಿನ ಸ್ಕೂಟರಿನಲ್ಲಿ ತಾನೇ ಕರೆತಂದು, "ಬೇಗ ಮುಗಿಸ್ಕೊಂಡ್ ಬನ್ನಿ, ಮಧ್ಯಾಹ್ನ ಒಂದು ಫಿಟ್ಟಿಂಗ್ ಇದೆ," ಎಂದು ಗೇಟಿನ ಬಳಿ ನಿಂತ.

ಒಳಗೆ ಪೈಪು ಅವಳ ಕೈಗೆ ಬಂತು. ಅಳೆದು ಕತ್ತರಿಸಿದಳು. ಅಂಚಿನ ಮುಳ್ಳು ತೆಗೆದಳು. ಅಚ್ಚಿನಲ್ಲಿ ಕಚ್ಚಿಸಿ ಹಿಡಿಕೆ ತಿರುಗಿಸಿದಳು. ತಾಮ್ರ ಮೊದಲು ಮೊಂಡು ಮಾಡಿತು, ಆಮೇಲೆ ಮೆಲ್ಲಗೆ ಮಾತು ಕೇಳಿತು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರೆ ಎಲ್ಲೂ ತಡೆಯಲಿಲ್ಲ. ಅದೇ ಗುಂಗಿನಲ್ಲಿ ಇನ್ನೊಂದು ತುದಿಯನ್ನೂ ಅರಳಿಸಿದಳು.

ಜೋಡಿಸಲು ಹೋದಾಗ, ಪೈಪನ್ನು ಯೂನಿಟ್ಟಿಗೆ ಬಿಗಿಯುವ ನಟ್ಟುಗಳು ಮೇಜಿನ ಮೇಲೇ ಕೂತಿದ್ದವು.

ಬಾಯಿ ಅರಳಿಸುವ ಮೊದಲೇ ಪೈಪಿಗೆ ನಟ್ಟು ತೂರಿಸಬೇಕು. ಅರಳಿದ ಮೇಲೆ ತಲೆಕೆಳಗಾಗಿ ನಿಂತರೂ ಅದು ಒಳಗೆ ಹೋಗದು. ಇಷ್ಟು ವರ್ಷ ಗಂಡನಿಗೂ ಮೈದುನನಿಗೂ ನಟ್ಟು ತೂರಿಸಿ ಪೈಪು ಕೊಟ್ಟವಳು ಅವಳೇ. ಇವತ್ತು ಕೈ ಮೇಸ್ತ್ರಿಯ ಕೈಯಾಗಿ ನೇರ ಹಿಡಿಕೆಗೆ ಹೋಗಿತ್ತು. ಪಕ್ಕದಲ್ಲಿ ನಿಂತು ನಟ್ಟು ಹಾಕಿಕೊಡಲು ಅವಳಂಥವಳು ಅವಳಿಗಿರಲಿಲ್ಲ.

ಒಂದು ತುದಿ ಕತ್ತರಿಸಿ, ನಟ್ಟು ತೂರಿಸಿ ಮತ್ತೆ ಅರಳಿಸಿದಳು. ಪೈಪು ಬೆರಳಗಲ ಗಿಡ್ಡವಾಯಿತು. ಎಷ್ಟು ಎಳೆದರೂ ಯೂನಿಟ್ಟಿಗೆ ಮುಟ್ಟಲಿಲ್ಲ.

"ಕೈ ಚೆನ್ನಾಗಿದೆಯಮ್ಮ," ಎಂದರು ಪರೀಕ್ಷೆ ನಡೆಸುತ್ತಿದ್ದ ಮೇಷ್ಟ್ರು. "ಆದ್ರೆ ಏನ್ಮಾಡೋದು, ಇನ್ನೊಂದು ಪೈಪ್ ಕೊಡೋ ಹಾಗಿಲ್ಲ. ಮುಂದಿನ ವರ್ಷ ಬನ್ನಿ."

ಗೇಟಿನಲ್ಲಿ ಮೈದುನ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಟ್ಟು ಮರೆತ್ರಾ? ನಾನು ಇಷ್ಟು ವರ್ಷದಲ್ಲಿ ಒಂದ್ ಸಲಾನೂ ಮರೆತಿಲ್ಲ ಅತ್ತಿಗೆ."

"ನೀನು ಯಾವತ್ತು ಹಾಕಿದ್ದೆ, ಮರೆಯೋಕೆ?"

ಅವನ ನಗು ಅಲ್ಲೇ ಆರಿತು.

"ಮಧ್ಯಾಹ್ನದ ಫಿಟ್ಟಿಂಗಲ್ಲಿ ನಟ್ಟೂ ನಾನೇ ಹಾಕ್ತೀನಿ, ಬಾಯೀನೂ ನಾನೇ ಅರಳಿಸ್ತೀನಿ. ನೀನು ಪೈಪ್ ಹಿಡ್ಕೊ."

"ಮನೆಯವರು ನೋಡ್ತಿರ್ತಾರೆ. ಏನಂದ್ಕೋತಾರೆ?"

"ನಾನು ಯೂನಿಟ್ ಹೊತ್ಕೊಂಡು ಮೆಟ್ಲು ಹತ್ತೋದನ್ನೂ ನೋಡ್ತಾರಲ್ಲ. ಆಗ ಏನಂದ್ಕೋತಾರೆ?"

ಅವನು ಸ್ಕೂಟರಿನ ಕೀಲಿ ತಿರುಗಿಸಿದ, ಅವಳು ಹಿಂದೆ ಕೂತಳು. ಗಾಡಿ ಹೊರಟಿತು. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ತಿರುಗದೆಯೇ ಕೇಳಿದ: "ಸೀಳಿದ್ರೆ?"

"ನಿನ್ನ ಕೈಯಲ್ಲಿ ಎಷ್ಟು ಸೀಳಿಲ್ಲ? ನಾನೇನಾದ್ರೂ ಅಂದಿದ್ನಾ?"

ದೀಪ ಹಸಿರಾಯಿತು. ಅವನು ಕದಲಲಿಲ್ಲ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಅವಳ ಬಲಗೈ ಮಂಡಿಯ ಮೇಲೆ ಇಲ್ಲದ ಹಿಡಿಕೆಯೊಂದನ್ನು ತಿರುಗಿಸುತ್ತಿತ್ತು. ತಾಮ್ರ ಸೋತು ಅಗಲವಾದ ಆ ಗಳಿಗೆ ಇನ್ನೂ ಬೆರಳಿನಲ್ಲೇ ಇತ್ತು.