ಆರ್ಡಿತ್ ಮತ್ತು ಏಳು ಗಂಟೆಯ ಬಾಗಿಲು

ಆರ್ಡಿತ್ ಟ್ಯಾಡನ್ ಯಾರೊಡನೆ ಮಾತಾಡುವಾಗಲೂ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ. ತಮ್ಮ ಹಣೆಯಿಂದ ಒಂದು ಗೇಣು ಮೇಲಕ್ಕೆ, ಏನೂ ಇಲ್ಲದ ಒಂದು ಜಾಗವನ್ನು ನೋಡುತ್ತಿದ್ದರು. ಹೊಸಬರು ಇದನ್ನು ಜಂಭವೆಂದುಕೊಳ್ಳುತ್ತಿದ್ದರು. ಊರಿನ ಅರ್ಧದಷ್ಟು ಜನರನ್ನು ಅವರ ಬಾಲ್ಯದಲ್ಲಿ ಶಾಲೆಯ ಹಳದಿ ಬಸ್ಸಿನಲ್ಲಿ ಕರೆದೊಯ್ದ ಆಕೆಗೆ, ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟುಗಳ ಮೇಲೆ ಕಣ್ಣಿಡುವ ಅಭ್ಯಾಸ ನಿವೃತ್ತಿಯಾಗಿ ವರ್ಷಗಳು ಕಳೆದರೂ ಬಿಟ್ಟಿರಲಿಲ್ಲ ಎಂಬುದು ನಮಗೆ ಮಾತ್ರ ಗೊತ್ತಿತ್ತು. ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಾಗ ಹಿಂತಿರುಗದೆಯೇ, "ಹಿಂದ್ಗಡೆ ಯಾರೋ ತಳ್ತಾ ಇದೀರ. ಕೈ ಮಡಿಲಲ್ಲಿರಲಿ," ಎನ್ನುವರು, ಬ್ಯಾಂಕಿನ ಮ್ಯಾನೇಜರು ತಟ್ಟನೆ ಕೈ ಹಿಂದಕ್ಕೆಳೆದುಕೊಳ್ಳುವರು. ಬಸ್ಸಿನ ಬಾಗಿಲು ತೆರೆಯುವ ಸನ್ನೆಕೋಲನ್ನು ಎಳೆದೆಳೆದು ಬಲಭುಜ ಒಂದಿಷ್ಟು ಮುಂದಕ್ಕೆ ಬಂದಿತ್ತು. ಆದ್ದರಿಂದ ನಡೆಯುವಾಗ ಆಕೆಯ ಭುಜ ಮೊದಲು ಬಂದು, ಆಕೆ ಆಮೇಲೆ ಬರುತ್ತಿದ್ದರು.

ನಾನು ಅವರ ಪಕ್ಕದ ಮನೆಯವನು, ಅದೇ ಶಾಲೆಯಲ್ಲಿ ಗಣಿತ ಹೇಳುವವನು. ಅವರ ವಿಷಯವಾಗಿ ಇವತ್ತು ಊರಿನಲ್ಲಿ ಆಡಿಕೊಳ್ಳುವ ಮಾತು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಇದನ್ನು ಸಮಾಧಾನವಾಗಿ ಬರೆಯುವುದು ನನ್ನಿಂದಾಗದು, ಆಗಬೇಕೆಂಬ ಆಸೆಯೂ ಇಲ್ಲ.

ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಆರಿಸಲು ಅಮೆರಿಕದ ಅಯೊವಾ ರಾಜ್ಯದ ನಮ್ಮಲ್ಲಿ ಗುಟ್ಟಿನ ಚೀಟಿಯಿರಲಿಲ್ಲ. ಚಳಿಗಾಲದ ಒಂದು ಸಂಜೆ ಪಕ್ಷದವರೆಲ್ಲ ಶಾಲೆಯ ಬ್ಯಾಸ್ಕೆಟ್‌ಬಾಲ್ ಹಾಲಿನಲ್ಲಿ ಸೇರಿ, ತಮ್ಮ ತಮ್ಮ ಅಭ್ಯರ್ಥಿಯ ಹೆಸರು ಅಂಟಿಸಿದ ಮೂಲೆಗೆ ನಡೆದು, ನೆರೆಹೊರೆಯವರ ಕಣ್ಣೆದುರೇ ನಿಂತುಕೊಳ್ಳಬೇಕು, ತಲೆ ಎಣಿಸುತ್ತಾರೆ. ಗಂಡ ಒಂದು ಮೂಲೆ, ಹೆಂಡತಿ ಒಂದು ಮೂಲೆ. ಹಲ್ಲಿನ ಡಾಕ್ಟರು ಒಂದು ಮೂಲೆ, ನಾಳೆ ಅವರ ಮುಂದೆ ಬಾಯಿ ತೆರೆದು ಕೂರಬೇಕಾದವನು ಇನ್ನೊಂದು ಮೂಲೆ. ಹೀಗೆ ಬಹಿರಂಗವಾಗಿ ಒಡೆದು ನಿಂತ ಊರು ಮಾರನೆಯ ಬೆಳಿಗ್ಗೆ ಮತ್ತೆ ಒಂದಾಗುವುದು ಸಾಮಾನ್ಯ ಸಂಗತಿಯಲ್ಲ. ಆ ಕೆಲಸವನ್ನು ಮಾಡುತ್ತಿದ್ದುದು ಆರ್ಡಿತ್ ಅವರ ಕೋಟು.

ಅದು ಮೊಣಕಾಲು ಮುಟ್ಟುವ ಕಿತ್ತಳೆ ಬಣ್ಣದ ಕೋಟು. ಅದರ ಎದೆಯ ಮೇಲೆ, ಪಕ್ಷ ಕೊನೆಗೆ ಒಪ್ಪಿಕೊಂಡ ಅಭ್ಯರ್ಥಿಗಳ ಬಿಲ್ಲೆಗಳು. ಒಳಗಡೆಯ ಅಸ್ತರಿಯ ಮೇಲೆ, ಆಕೆ ಮನಸಾರೆ ಬಯಸಿ ಸೋಲುಂಡವರ ಬಿಲ್ಲೆಗಳು. ಒಳಗಿನವು ಹೊರಗಿನವುಗಳಿಗಿಂತ ಹೆಚ್ಚಾಗಿದ್ದವು. ಸೋತ ರಾತ್ರಿ ಮನೆಯಲ್ಲಿ ಕೂತು ತಮ್ಮವನ ಬಿಲ್ಲೆಯನ್ನು ಬಿಚ್ಚಿ ಒಳಕ್ಕೆ ಚುಚ್ಚಿ, ಗೆದ್ದವನದನ್ನು ಹೊರಕ್ಕೆ ಚುಚ್ಚಿಕೊಂಡು, ಬೆಳಿಗ್ಗೆ ಮೇನ್ ಸ್ಟ್ರೀಟಿನ ಕಾಫಿ ಹೋಟೆಲಿಗೆ ಬರುವರು. ಅಲ್ಲಿ ಮುಖ ಗಂಟಿಕ್ಕಿ ಕೂತವರೆಲ್ಲ ಆ ಹೊಸ ಬಿಲ್ಲೆಯನ್ನು ನೋಡಿ, ಆರ್ಡಿತ್‌ಗೇ ಆಗಬಹುದಾದರೆ ನಮಗೇನು ಎಂದು ಮೊಟ್ಟೆ, ಆಲೂಗಡ್ಡೆಗಳ ಕಡೆ ತಿರುಗುವರು. ಒಮ್ಮೆ ಗೇಲನ್ ಎಂಬ ಹಾಲಿನ ಡೇರಿಯವನು, ತನ್ನವನು ಸೋತನೆಂದು ಯಾರಿಗೂ ಓಟು ಹಾಕುವುದಿಲ್ಲವೆಂದು ಹಟ ಹಿಡಿದಾಗ, ಆಕೆ ಅವನ ಕೊಟ್ಟಿಗೆಗೇ ಹೋಗಿ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತರು.

"ನೀನು ಹಿಂಗೆ ಮುಖ ಊದಿಸ್ಕೊಂಡ್ರೆ ಹಸುನೂ ಹಾಲು ಇಳಿಸಲ್ಲ ಕಣೋ, ಗೇಲನ್."

"ನಿಮ್ಗೆ ಬೇಜಾರಾಗಲ್ವಾ, ಆರ್ಡಿತ್?"

"ಆಗುತ್ತಪ್ಪ. ಆದ್ರೆ ಬಸ್ಸಲ್ಲಿ ಕೂತ್ಮೇಲೆ ಮುಂದಿನ ಸೀಟು ಸಿಗ್ಲಿಲ್ಲ ಅಂತ ಇಳಿದುಹೋಗೋಕಾಗುತ್ತಾ?"

ಗೇಲನ್ ಓಟು ಹಾಕಿದ. ಪಕ್ಷದ ಹಿರಿಯರು ಇದನ್ನು ತಮ್ಮ ಸಂಘಟನಾ ಚಾತುರ್ಯವೆಂದು ರಾಜಧಾನಿಗೆ ವರದಿ ಕಳಿಸಿದರು.

ಆಮೇಲೆ ಆ ವರ್ಷ ಬಂತು. ಒಂದು ಕಡೆ ಮಾಜಿ ಗವರ್ನರ್. ಪಕ್ಷದ ದೊಡ್ಡವರೆಲ್ಲ ಅವರ ಹಿಂದೆ. ಇನ್ನೊಂದು ಕಡೆ ಒಬ್ಬ ಮುದಿ ಸೆನೆಟರ್. ಅವರ ಹಿಂದೆ ಹುಡುಗರು, ಸಾಲಗಾರರು, ಹಂದಿಮಾಂಸದ ಕಾರ್ಖಾನೆಯಲ್ಲಿ ದುಡಿಯುವವರು. ಊರು ಹಿಂದೆಂದೂ ಒಡೆಯದ ಹಾಗೆ ಒಡೆಯಿತು. ಲೂಥರನ್ ಚರ್ಚಿನ ಸಾಮೂಹಿಕ ಊಟದಲ್ಲಿ ಇವರ ಸಾರಿನ ಪಾತ್ರೆಗೆ ಅವರು ಸೌಟು ಹಾಕುತ್ತಿರಲಿಲ್ಲ. ಇದರ ನಡುವೆ ನಮ್ಮ ಕೌಂಟಿಯ ಪಕ್ಷಾಧ್ಯಕ್ಷ, ವಿಮೆಯ ಏಜೆಂಟ್ ಮರ್ಲ್ ವೋಸ್‌ಬರ್ಗ್, ಹೋದಲ್ಲೆಲ್ಲ ಐಕ್ಯತೆಯ ಜಪ ಮಾಡುತ್ತಿದ್ದ. ಆ ಪದವನ್ನು ಅವನ ಬಾಯಲ್ಲಿ ಕೇಳಿ ಕೇಳಿ ನನಗೆ ಆ ಪದದ ಮೇಲೇ ಅಸಹ್ಯ ಹುಟ್ಟಿತು. ಗವರ್ನರ್ ಕಡೆಯವರು ಸೆನೆಟರನ್ನು ಬೈದರೆ ಅದು ಚರ್ಚೆ. ಸೆನೆಟರ್ ಕಡೆಯವರು ಒಂದು ಪ್ರಶ್ನೆ ಕೇಳಿದರೆ ಅದು ಒಡಕು. ಒಂದಾಗುವುದೆಂದರೆ ನೀವು ಇತ್ತ ಬನ್ನಿ ಎಂದಷ್ಟೇ ಅವನ ನಿಘಂಟಿನಲ್ಲಿ ಅರ್ಥವಿತ್ತು.

ಆರ್ಡಿತ್ ಸೆನೆಟರ್ ಕಡೆ ಹೋದದ್ದು ಸಿದ್ಧಾಂತಕ್ಕಾಗಿಯಲ್ಲ. ಕಾರ್ಖಾನೆಯಲ್ಲಿ ಮೂಳೆ ಬಿಡಿಸುವ ಕೆಲಸದ ಮರಿಸೇಲಾ ಎಂಬಾಕೆಯ ಮಕ್ಕಳು ಆಕೆಯ ಬಸ್ಸಿನಲ್ಲೇ ಬೆಳೆದವರು. ಮರಿಸೇಲಾಗೂ ಅವಳ ಜೊತೆಯ ಅನೇಕರಿಗೂ ಆಗಷ್ಟೇ ಪೌರತ್ವ ಸಿಕ್ಕಿತ್ತು. ಅವರಿಗೆಲ್ಲ ಸೆನೆಟರ್ ಬೇಕಾಗಿತ್ತು. ಒಂದು ಭಾನುವಾರ ಅವಳು ಆರ್ಡಿತ್ ಮನೆಯ ಮೆಟ್ಟಿಲ ಮೇಲೆ ನಿಂತು ಕೇಳಿದ್ದನ್ನು ನಾನು ನನ್ನ ಅಂಗಳದಿಂದ ಕೇಳಿಸಿಕೊಂಡೆ.

"ನಾವೂ ಬರಬಹುದಾ? ಬಂದ್ರೆ ನಮ್ಮನ್ನೂ ಎಣಿಸ್ತಾರಾ?"

"ಯಾಕೆ ಎಣಿಸಲ್ಲ? ನಾನಿಲ್ವಾ?"

ಆಕೆಯಂಥವರು ಆಡಿದ ಮಾತಿಗೆ ಕಟ್ಟುಬೀಳುವವರು. ಆ ಚಳಿಗಾಲ ಪೂರ್ತಿ, ಕಾರ್ಖಾನೆಯವರು ವಾಸವಿದ್ದ ತಗಡಿನ ಟ್ರೇಲರ್ ಮನೆಗಳ ಸಾಲಿನಲ್ಲಿ ಹಿಮ ತುಳಿದು ಬಾಗಿಲು ತಟ್ಟಿದರು. ಅದುವರೆಗೆ ಅಂಥ ಸಭೆ ಕಾಣದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ತಾಲೀಮು ಮಾಡಿಸಿದರು. ಅಲ್ಲಿ ಅಭ್ಯರ್ಥಿಗಳು ಎರಡೇ: ಒಂದು ಮೂಲೆಗೆ ಸೇಬಿನ ಪೈ, ಇನ್ನೊಂದಕ್ಕೆ ಮರಿಸೇಲಾ ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿ ತಂದ ತಮಾಲೆ. ಪೈ ಹೀನಾಯವಾಗಿ ಸೋತಿತು. ಪೈ ಮೂಲೆಯಲ್ಲಿ ಒಬ್ಬರೇ ನಿಂತಿದ್ದ ಆರ್ಡಿತ್, "ನೋಡ್ಕೊಳ್ಳಿ, ಸೋತವರು ಹೀಗೆ ಮಾಡ್ಬೇಕು," ಎನ್ನುತ್ತ ಭುಜ ಮುಂದೆ ಮಾಡಿಕೊಂಡು ಆಚೆಗೆ ನಡೆದು ತಮಾಲೆಯ ಎಲೆ ಬಿಚ್ಚಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಐಕ್ಯತೆಯನ್ನು ಅಷ್ಟು ಚೆನ್ನಾಗಿ ಕಲಿಸಿದ ಗುರುವನ್ನು ನಾನು ಬೇರೆಲ್ಲೂ ಕಂಡಿಲ್ಲ.

ತೊಡಕು ಇದ್ದುದು ಕಾರ್ಖಾನೆಯ ಪಾಳಿಯಲ್ಲಿ. ಏಳು ಗಂಟೆಗೆ ಸಾಲಿನಲ್ಲಿದ್ದವರು ಮಾತ್ರ ಒಳಕ್ಕೆ ಎಂಬುದು ನಿಯಮ. ಪಾಳಿ ಬಿಡುವುದು ಅದಕ್ಕೆ ತುಸು ಮುಂಚೆ. ಆರ್ಡಿತ್ ಮೊದಲೇ ಮರ್ಲ್‌ನ ಕಚೇರಿಗೆ ಹೋಗಿ ಕೇಳಿದರು. "ಚಿಂತೆ ಬಿಡಿ, ಬಾಗ್ಲು ಸ್ವಲ್ಪ ಹೊತ್ತು ಹಿಡ್ಕೋತೀನಿ," ಎಂದ. ಇದರಲ್ಲಿ ಅಪೂರ್ವವಾದದ್ದೇನೂ ಇರಲಿಲ್ಲ. ಹಿಂದಿನ ಸಲ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯ ತಡವಾಗಿ ಮುಗಿದಾಗ, ತಂದೆತಾಯಿಗಳೆಲ್ಲ ಪಾಪ್‌ಕಾರ್ನ್ ಪೊಟ್ಟಣ ಹಿಡಿದು ನಿಧಾನವಾಗಿ ಬರುವವರೆಗೂ ಇದೇ ಮರ್ಲ್ ಹಲ್ಲುಕಿರಿಯುತ್ತ ಬಾಗಿಲು ತೆರೆದು ಹಿಡಿದಿದ್ದ.

ಆ ಸಂಜೆ ಆರ್ಡಿತ್ ಬೇಗನೆ ಬಂದು ತಮ್ಮ ಹೆಸರು ಬರೆಸಿ, ಚರ್ಚಿನ ವ್ಯಾನು ತೆಗೆದುಕೊಂಡು, ಮರಿಸೇಲಾಳ ಮಗನನ್ನೂ ಹತ್ತಿಸಿಕೊಂಡು ಕಾರ್ಖಾನೆಗೆ ಹೋದರು. ಅಲ್ಲಿ ಯಾವುದೋ ಯಂತ್ರ ನಿಂತು ಪಾಳಿ ತಡವಾಯಿತು. ಏಳಾಗುತ್ತಲೇ ಮರ್ಲ್ ಗಾಜಿನ ಬಾಗಿಲನ್ನು ಎಳೆದು ಚಿಲಕ ಹಾಕಿದ. ಸೆನೆಟರ್ ಮೂಲೆಯಲ್ಲಿದ್ದ ನಾನು ಹೋಗಿ, ಕೊಟ್ಟ ಮಾತು ಏನಾಯಿತೆಂದು ಕೇಳಿದೆ. "ಈ ಸಲ ಎಲ್ಲರ ಕಣ್ಣೂ ನಮ್ಮ ಮೇಲಿದೆ, ಮೇಷ್ಟ್ರೇ. ನಿಯಮ ಅಂದ್ರೆ ನಿಯಮ," ಎಂದ. ಪಾಪ್‌ಕಾರ್ನಿನ ದಿನ ನಿಯಮ ರಜೆಯ ಮೇಲಿತ್ತೇನೋ.

ವ್ಯಾನಿನ ದೀಪ ಕಂಡಿತು. ಬಿಳಿಯ ರಬ್ಬರ್ ಬೂಟುಗಳನ್ನೂ ಬಿಚ್ಚದೆ ಓಡಿಬಂದ ಜನ ಗಾಜಿನ ಹೊರಗೆ ಹಿಮದಲ್ಲಿ ನಿಂತರು. ಮರ್ಲ್ ಬಾಗಿಲನ್ನು ಒಬ್ಬರು ನುಸುಳುವಷ್ಟೇ ತೆರೆದ.

"ನೀವು ಬನ್ನಿ, ಆರ್ಡಿತ್. ನಿಮ್ಮ ಹೆಸರು ಆಗ್ಲೇ ಬರೆದಾಗಿದೆ."

"ಇವ್ರು?"

"ಟೈಮ್ ಆಗೋಯ್ತಲ್ಲ."

ಆಕೆ ಅಂದು ಮೊದಲ ಬಾರಿಗೆ ಎದುರಿಗಿದ್ದವನ ಮುಖವನ್ನೇ ನೇರವಾಗಿ ನೋಡಿದರು. "ಮರ್ಲ್, ನೀನು ಐದನೇ ಕ್ಲಾಸಲ್ಲಿದ್ದಾಗ ಒಂದಿನಾನೂ ಹೊತ್ತಿಗೆ ಸರಿಯಾಗಿ ಬರ್ಲಿಲ್ಲ. ಶೂ ಕೈಲಿ ಹಿಡ್ಕೊಂಡು ಹೊಲದ ಮಧ್ಯೆ ಓಡ್ಬರ್ತಿದ್ದೆ. ಬಾಗ್ಲು ತೆಗ್ದು ಕಾಯ್ತಿದ್ದೆ ಕಣೋ ನಾನು, ಬಸ್ಸಲ್ಲಿದ್ದ ಮಕ್ಳ ಹತ್ರ ಬೈಸ್ಕೊಂಡು."

"ಅದು ಬೇರೆ, ಆರ್ಡಿತ್. ಇದು ಚುನಾವಣೆ. ನೀವು ಒಳಗೆ ಬರ್ತೀರೋ ಇಲ್ವೋ?"

ಆಕೆ ಒಂದು ಹೆಜ್ಜೆ ಹಿಂದಿಟ್ಟು, ಮರಿಸೇಲಾಳ ಪಕ್ಕಕ್ಕೆ ನಿಂತರು. ಬಾಗಿಲು ಮುಚ್ಚಿತು.

ಎಣಿಕೆ ನಡೆಯಿತು. ಗವರ್ನರ್ ಮೂಲೆ ಕೆಲವೇ ತಲೆಗಳಿಂದ ಗೆದ್ದಿತು. ಅದಕ್ಕಿಂತ ಹೆಚ್ಚಿನ ತಲೆಗಳು ಗಾಜಿನಾಚೆ ಹಿಮದಲ್ಲಿದ್ದವು, ಒಳಗಿದ್ದವರೆಲ್ಲರಿಗೂ ಕಾಣುತ್ತಿದ್ದವು. ನಮ್ಮ ಮೂಲೆಯವರು ಕೂಗಾಡಿದೆವು. ನನ್ನ ಗಂಟಲು ಒಡೆಯುವಷ್ಟು ಕೂಗಿದೆ. ಮರ್ಲ್ ಕಾಗದಕ್ಕೆ ಸಹಿ ಹಾಕಿದ. ಆಮೇಲೆ ಅವನು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ನಡೆದುಹೋಗಿ ಬಾಗಿಲನ್ನು ಎರಡೂ ರೆಕ್ಕೆ ಪೂರ್ತಿ ತೆರೆದು, ನಗುತ್ತ ಕೈ ಬೀಸಿದ.

"ಬನ್ನಿ, ಬನ್ನಿ, ಎಲ್ರೂ ಬನ್ನಿ! ಎಣಿಕೆ ಮುಗೀತು, ಇನ್ನು ನಾವೆಲ್ಲಾ ಒಂದೇ. ಬಿಸಿಬಿಸಿ ಕಾಫಿ ಇದೆ. ಆರ್ಡಿತ್, ಪ್ರತಿ ಸಲ ಹೇಳೋ ಹಾಗೆ ಒಗ್ಗಟ್ಟಿನ ಬಗ್ಗೆ ನಾಲ್ಕು ಮಾತು ಹೇಳಿ."

"ಕಾಫಿಗೆ ನಾವು ಬೇಕು, ಎಣಿಸೋಕೆ ಬೇಡ," ಎಂದರು ಆರ್ಡಿತ್. ಧ್ವನಿ ಏರಿಸಲಿಲ್ಲ. "ಒಗ್ಗಟ್ಟಿನ ಮಾತು ನೀನೇ ಹೇಳ್ಕೋ. ಇವ್ರನ್ನ ಮನೆ ಮುಟ್ಟಿಸ್ಬೇಕು ನಾನು."

ಮಾರನೆಯ ಬೆಳಿಗ್ಗೆ ಕಾಫಿ ಹೋಟೆಲಿನಲ್ಲಿ ಎಲ್ಲರ ಕಣ್ಣೂ ಬಾಗಿಲ ಮೇಲಿತ್ತು. ಆಕೆ ಬಂದರು. ಕೋಟಿನ ಮೇಲೆ ಒಂದೇ ಒಂದು ಬಿಲ್ಲೆಯಿರಲಿಲ್ಲ; ಬಟ್ಟೆಯ ತುಂಬ ಸೂಜಿಯ ತೂತುಗಳು ಮಾತ್ರ. ಹೊಸದು ಚುಚ್ಚುವುದಿರಲಿ, ಹಳೆಯವನ್ನೂ ಕಿತ್ತುಹಾಕಿದ್ದರು. ಮೊಟ್ಟೆ ತಿಂದು, ಮಾಣಿಗೆ ಥ್ಯಾಂಕ್ಸ್ ಹೇಳಿ ಹೊರಟುಹೋದರು. ಅವರು ತಿರುವು ದಾಟುವ ಮೊದಲೇ ಹೋಟೆಲು ಗುಜುಗುಜು ಎಂದಿತು: ಆರ್ಡಿತ್ ಪಕ್ಷ ಒಡೆದಳು.

ಹಾಗೆ ಅಂದವರಲ್ಲಿ ಒಬ್ಬರೂ ನವೆಂಬರಿನ ಚುನಾವಣೆಯ ದಿನ ಆಕೆ ಮಾಡಿದ್ದನ್ನು ನೋಡಲಿಲ್ಲ. ನೋಡಲು ಬೇಕಾದಷ್ಟು ಬೇಗ ಎದ್ದಿರಲಿಲ್ಲ. ನಮ್ಮ ಪಕ್ಷದ ಅಭ್ಯರ್ಥಿ ಗವರ್ನರ್; ಎದುರು ಪಕ್ಷದವನು ಟ್ರೇಲರ್ ಸಾಲಿನ ಜನರನ್ನು ಊರುಬಿಡಿಸುತ್ತೇನೆಂದು ಬಹಿರಂಗವಾಗಿ ಹೇಳುತ್ತಿದ್ದವನು. ಆರ್ಡಿತ್ ಬರಿ ಕೋಟಿನಲ್ಲೇ ಆ ಚರ್ಚಿನ ವ್ಯಾನು ಹತ್ತಿದರು. ಅವರ ಮಂಡಿನೋವು ಹೆಚ್ಚಿದ್ದರಿಂದ ಮೆಟ್ಟಿಲು ಹತ್ತಿಸಲೆಂದು ನಾನೂ ಹೋದೆ. ಒಂದೊಂದು ಬಾಗಿಲೂ ತಟ್ಟಿದರು. ಕೆಲವು ತೆರೆಯಲಿಲ್ಲ. ಮರಿಸೇಲಾ ತೆರೆದಳು, ಒಳಕ್ಕೆ ಕರೆದು ಬಿಸಿ ಚಾಕೊಲೇಟ್ ಕೊಟ್ಟಳು.

"ನೀವು ಊಟಕ್ಕೆ ಕರೀರಿ, ಓಡೋಡಿ ಬರ್ತೀನಿ. ಇದಕ್ಕೆ ಮಾತ್ರ ಕರೀಬೇಡಿ, ಅಮ್ಮ."

"ಅವನು ಗೆದ್ರೆ ನಿಮ್ಗೇ ಕಷ್ಟ ಕಣೇ ಮರಿಸೇಲಾ."

"ಗೊತ್ತು. ಆ ಸಂಜೆ ನನ್ ಮಗ ಗಾಜಿಗೆ ಮುಖ ಒತ್ಕೊಂಡು ಕೇಳ್ದ, 'ಅವ್ರು ಯಾಕೆ ನಮ್ಮನ್ನ ನೋಡ್ತಾನೂ ಇದಾರೆ, ಒಳಗೂ ಬಿಡ್ತಿಲ್ಲ?' ಅಂತ. ಏನು ಹೇಳ್ಲಿ ನಾನು?"

ಆರ್ಡಿತ್ ಲೋಟ ಕೆಳಗಿಟ್ಟರು. ಉಳಿದ ಬಾಗಿಲುಗಳಿಂದಲೂ ಯಾರೂ ವ್ಯಾನು ಹತ್ತಲಿಲ್ಲ. ಖಾಲಿ ವ್ಯಾನನ್ನು ಮತಗಟ್ಟೆಯವರೆಗೂ ಓಡಿಸಿ, ತಾವೊಬ್ಬರೇ ಇಳಿದು, ಹೋಗಿ ಓಟು ಹಾಕಿ ಬಂದರು. ಗವರ್ನರಿಗೇ ಹಾಕಿದೆನೆಂದು ವಾಪಸು ಬರುವಾಗ ಕಹಿ ಔಷಧಿ ನುಂಗಿದ ಮುಖದಲ್ಲಿ ಹೇಳಿದರು. ಆಮೇಲೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಸ್ಟಿಯರಿಂಗ್ ಚಕ್ರದ ಮೇಲೆ ತಲೆಯಿಟ್ಟು ಅತ್ತರು.

ನಮ್ಮ ಕೌಂಟಿಯಲ್ಲಿ ಗವರ್ನರ್ ಸೋತರು. ಮುಂದಿನ ಪಕ್ಷದ ಸಭೆಯಲ್ಲಿ ಮರ್ಲ್ ಎದ್ದು, ಕೆಲವರ ಹಟಮಾರಿತನದಿಂದ ನಮಗೆ ಈ ಗತಿ ಬಂತೆಂದು ವಿಷಾದದಿಂದ ತಲೆಯಾಡಿಸಿದ. ಆ ಕೆಲವರು ಯಾರೆಂದು ಎಲ್ಲರೂ ಅರ್ಥಮಾಡಿಕೊಂಡರು. ಆ ಸಭೆಯ ನೋಟೀಸು ಆರ್ಡಿತ್ ಮನೆಗೆ ಹೋಗಿರಲಿಲ್ಲ. ನಾನು ಎದ್ದು ಆ ಸಂಜೆಯ ವಿಷಯ ಹೇಳತೊಡಗಿದಾಗ, ಹಳೆಯದನ್ನು ಕೆದಕಬಾರದು, ಈಗ ಬೇಕಾದದ್ದು ಐಕ್ಯತೆ ಎಂದು ನನ್ನನ್ನು ಕೂರಿಸಿದರು.

ಮೊನ್ನೆ ಅದೇ ಮರ್ಲ್ ನನ್ನ ಬೇಲಿಯ ಬಳಿ ಬಂದು ನಿಂತಿದ್ದ. ಮತ್ತೆ ಚಳಿಗಾಲದ ಸಭೆ ಬರುತ್ತಿದೆ. ಟ್ರೇಲರ್ ಸಾಲಿನ ಜನ ಬೇಕಾಗಿದ್ದಾರೆ. ಆರ್ಡಿತ್‌ಗೆ ನಾನೊಂದು ಮಾತು ಹೇಳಬೇಕಂತೆ. ಹೇಳಿದೆ. ಆಕೆ ಬಟಾಣಿ ಬಿಡಿಸುತ್ತಿದ್ದರು. "ಬಾಗ್ಲ ಹತ್ರ ನನ್ನ ನಿಲ್ಲಿಸ್ತಾನಾ, ಕೇಳು. ನಿಲ್ಲಿಸಿದ್ರೆ ಕರ್ಕೊಂಬರ್ತೀನಿ," ಎಂದರು. ನಾನು ಹೋಗಿ ಕೇಳಿದೆ. ಬಾಗಿಲ ಜವಾಬ್ದಾರಿ ಸಮಿತಿಗೆ ಸೇರಿದ್ದು, ಅದರಲ್ಲಿ ತಾನೇನೂ ಮಾಡುವಂತಿಲ್ಲ ಎಂದ ಮರ್ಲ್. ಸಮಿತಿಯ ಅಧ್ಯಕ್ಷ ಅವನೇ.

ಆರ್ಡಿತ್‌ರಂಥವರು ಪ್ರತಿ ಪಕ್ಷದಲ್ಲೂ, ಬಹುಶಃ ಪ್ರತಿ ದೇಶದಲ್ಲೂ, ಊರಿಗೊಬ್ಬರಾದರೂ ಇರುತ್ತಾರೆ. ಅವರಿಗೆ ಹುದ್ದೆಯಿರುವುದಿಲ್ಲ, ವೇದಿಕೆಯ ಮೇಲೆ ಕುರ್ಚಿಯಿರುವುದಿಲ್ಲ. ಸೋತಾಗ ಮೊದಲು ತಾವು ಬಗ್ಗುತ್ತಾರೆ. ಅವರು ಬಗ್ಗಿದ್ದನ್ನು ಕಂಡು ಉಳಿದವರೂ ಬಗ್ಗುತ್ತಾರೆ. ಹೀಗೆ ವರುಷಗಟ್ಟಲೆ ನುಂಗಿಕೊಂಡ ಅವರ ಸಂಕಟಕ್ಕೆ ನಾಯಕರು ಐಕ್ಯತೆ ಎಂದು ಹೆಸರಿಟ್ಟು, ಅದು ತಮ್ಮದೇ ಸ್ವತ್ತೆಂಬಂತೆ ಖರ್ಚು ಮಾಡುತ್ತಾರೆ. ತಮ್ಮ ಮೇಲೆ ಬಿದ್ದ ಅನ್ಯಾಯವನ್ನೆಲ್ಲ ಅಂಥವರು ಸಹಿಸುತ್ತಾರೆ. ತಮ್ಮ ಮಾತನ್ನು ನಂಬಿ ಬಂದವರ ಮೇಲೆ ಬಿದ್ದದ್ದನ್ನು ಮಾತ್ರ ಸಹಿಸಲಾರರು. ಅದನ್ನೂ ಸಹಿಸದೆ ಹೋದರಲ್ಲ ಎಂಬುದೇ ಅವರ ಮೇಲಿರುವ ದೂರು.