ಹತ್ತಿ ಸಿಕ್ಕಿಕೊಂಡ ಬಿಲ್ಲು

ಬಸ್ಸು ಓಡಿಸುವ ಆ ಹೆಂಗಸು ಬಿಲ್ಲುಗಾರಿಕೆ ಕಲಿಯಹೊರಟಾಗ ಡಿಪೋದಲ್ಲಿ ನಗದವರಿಲ್ಲ. ಹೊಸ ಕಾಂಪೌಂಡ್ ಬಿಲ್ಲಿನ ಬೆಲೆ ಕೇಳಿದ ಮೇಲೆ ಅವಳ ಉತ್ಸಾಹವೂ ಅರ್ಧ ಇಳಿಯಿತು. ಎರಡು ತುದಿಗೂ ಗಾಲಿಯಿರುವ ಬಿಲ್ಲು ಅದು. ಬಡವರ ಕೈಗೆ ಬರಬೇಕಾದರೆ ಇನ್ನೊಬ್ಬರ ಕೈ ಬಿಡಬೇಕು. ಹಾಗೆ ಕೈಬಿಟ್ಟ ಒಂದನ್ನು ನೋಡಲು ಸೋದರಮಾವನನ್ನು ಕರೆದುಕೊಂಡು ಬಂದಿದ್ದಳು.

ಮಾರುವಾಕೆ ಇಸ್ತ್ರಿ ಅಂಗಡಿಯವಳು. ಅಂಗಡಿಯ ಹಿಂದಿನ ಕೋಣೆಯೇ ಮನೆ. ತೀರಿಹೋದ ಮಗಳ ಬಿಲ್ಲನ್ನು ಇಸ್ತ್ರಿ ಮೇಜಿನ ಮೇಲೆ, ಮಡಿಸಿದ ಬಟ್ಟೆಗಳ ನಡುವೆ ಕೂಸನ್ನು ಮಲಗಿಸಿದಂತೆ ಇಟ್ಟಿದ್ದಳು.

“ಕಲಿಯೋಳು ಯಾರು? ನಿನ್ನ ಮಗಳಾ?”

“ನಾನೇ ಅಮ್ಮ.”

“ಬಸ್ಸಲ್ಲಿ ಜನರನ್ನ ಹೆದರಿಸಿದ್ದು ಸಾಲಲಿಲ್ಲ ಇವಳಿಗೆ,” ಎಂದ ಮಾವ. “ಈಗ ಬಾಣ ಬೇರೆ ಹಿಡೀತಾಳಂತೆ.”

“ನೀನು ಸುಮ್ನಿರು ಮಾವ.”

ಮೊದಲು ಬಿಲ್ಲಿನ ಪರೀಕ್ಷೆ, ಆಮೇಲೆ ಎಳೆತ ಎಂದಿದ್ದ ಬಿಲ್ಲುಗಾರಿಕೆಯ ಕೋಚ್. ಆಸೆ ಕ್ರಮವನ್ನು ತಲೆಕೆಳಗು ಮಾಡಿತು. ಬಿಲ್ಲೆತ್ತಿ ಎಳೆದೇಬಿಟ್ಟಳು. ಹೆದೆ ದವಡೆಯ ಮೂಲೆಗೆ ಸರಿಯಾಗಿ ಬಂದು ನಿಂತಿತು. ಒಬ್ಬರಿಗೆ ಹೊಲಿದ ಅಂಗಿಯಂತೆ ಇದೂ ತೋಳಿನ ಅಳತೆಯ ವಸ್ತು, ಇವಳಿಗೆಂದೇ ಹೊಲಿದಂತಿತ್ತು. ಮೆಲ್ಲಗೆ ಹೆದೆಯನ್ನು ಹಿಂದಕ್ಕೆ ಇಳಿಸಿದಳು.

“ನನ್ನ ಮಗಳದೇ ಕೈಯಳತೆ ನಿಂಗೆ,” ಎಂದಳು ಇಸ್ತ್ರಿಯವಳು. “ಕೈಲಾದಷ್ಟು ಕೊಡು. ಯಾರಾದ್ರೂ ಇದನ್ನ ಹಿಡೀಬೇಕು, ಅಷ್ಟೇ ನನಗೆ.”

ಆಗ ಬಸ್ಸಿನವಳು ಚೀಲದಿಂದ ಹತ್ತಿ ತೆಗೆದು ಬಿಲ್ಲಿನ ತೋಳುಗಳ ಮೇಲೆ ಸವರಿದಳು. ಬೆರಳಿಗೆ ಸಿಗದ ಬಿರುಕು ಹತ್ತಿಗೆ ಸಿಗುತ್ತದೆ. ಮೇಲಿನ ತೋಳು ನುಣ್ಣಗಿತ್ತು. ಕೆಳಗಿನದರಲ್ಲಿ, ಗಾಲಿಯ ಹತ್ತಿರ, ಒಂದೆಳೆ ಸಿಕ್ಕಿಕೊಂಡಿತು. ಮತ್ತೆ ಸವರಿದಳು. ಮತ್ತೆ ಅಲ್ಲೇ.

“ಇದು ಎಲ್ಲಾದ್ರೂ ಬಿದ್ದಿತ್ತಾ ಅಮ್ಮ?”

“ಬೀಳೋದಾ? ಯಾರಿಗೂ ಮುಟ್ಟೋಕೇ ಬಿಟ್ಟಿಲ್ಲ. ನಾನೊಬ್ಳೇ ಆಗಾಗ ಎಳೆದು ಬಿಡ್ತಿದ್ದೆ. ಬಾಣ ಇಲ್ದೆ, ಬರೀ ದಾರ. ಆ ಸದ್ದು ಕೇಳಿದ್ರೆ ಅವಳು ಹೊರಗೆ ಅಭ್ಯಾಸ ಮಾಡ್ತಿದಾಳೆ ಅನ್ಸೋದು.”

ಬಸ್ಸಿನವಳು ಹತ್ತಿಯನ್ನು ಮೇಜಿನ ಮೇಲಿಟ್ಟಳು. ಬಾಣವಿಲ್ಲದೆ ಹೆದೆ ಬಿಟ್ಟರೆ ಅದರ ಏಟನ್ನೆಲ್ಲ ಬಿಲ್ಲೇ ತಿನ್ನಬೇಕು. ಮೊದಲ ದಿನದ ಪಾಠ ಅದು. ಮಗಳ ಬಿಲ್ಲನ್ನು ತಾಯಿಯೇ ಒಡೆದಿದ್ದಳು, ಅಕ್ಕರೆಯಿಂದ. ಇದನ್ನು ಯಾವ ಬಾಯಲ್ಲಿ ಹೇಳುವುದು?

ಮಾವ ಅವಳ ಮುಖ ನೋಡಿ ಅರ್ಥಮಾಡಿಕೊಂಡ. “ಇವಳಿಗೆ ಬಣ್ಣ ಹಿಡಿಸಲಿಲ್ಲ ತಾಯಿ. ನಡಿಯೇ, ಹೋಗೋಣ.”

“ಹೋಗ್ಲಿ ಬಿಡಿ. ಸಂಜೆ ಇನ್ನೊಬ್ರು ಬರ್ತಾರೆ, ಮಗಳಿಗೆ ಬೇಕಂತೆ. ಫೋಟೋ ನೋಡೇ ಒಪ್ಪಿದಾರೆ.”

ಬಾಗಿಲು ದಾಟುತ್ತಿದ್ದವಳ ಕಾಲು ಕಿತ್ತು ಬರಲಿಲ್ಲ. ಇಲ್ಲಿ ತಪ್ಪಿಸಿದ ನೋವು ಸಂಜೆ ಬಿಲ್ಲು ಸಿಡಿದಾಗ ಇನ್ನೊಂದು ಮಗುವಿನ ಮುಖಕ್ಕೆ ಬಡಿಯುತ್ತದೆ. ಭಗವಂತ ಇದನ್ನು ಕರುಣೆಯೆಂದು ಬರೆದುಕೊಳ್ಳುವನೇ? ಹಿಂದಿರುಗಿ ಬಂದು ಎಲ್ಲವನ್ನೂ ಹೇಳಿದಳು.

“ಬರೀ ದಾರ ಬಿಟ್ಟಿದ್ದಕ್ಕಾ?”

“ಹೌದಮ್ಮ.”

ಇಸ್ತ್ರಿಯವಳು ಹತ್ತಿಯನ್ನು ತಾನೇ ತೆಗೆದುಕೊಂಡು ಸವರಿ ನೋಡಿದಳು. ಎಳೆ ಸಿಕ್ಕಿಕೊಂಡಿತು. ಕಣ್ಣೀರೂ ಬರಲಿಲ್ಲ ಅವಳಿಗೆ. ಫೋನನ್ನು ಮುಂದಕ್ಕೆ ಚಾಚಿದಳು. “ಅವರಿಗೆ ನೀನೇ ಹೇಳಮ್ಮ. ನನ್ನ ಕೈಲಾಗಲ್ಲ.”

ಆ ಕಡೆಯವನು ಸಿಡುಕಿದ. “ಫೋಟೋದಲ್ಲಿ ಚೆನ್ನಾಗೇ ಇತ್ತಲ್ರೀ! ಹೆಚ್ಚು ಕೊಡೋರು ಸಿಕ್ಕಿರಬೇಕು. ಇಲ್ಲಾಂದ್ರೆ ಯಾರು ಮುರಿದ್ರು, ಹೇಳಿ ನೋಡೋಣ?”

“ನಾನೇ,” ಎಂದಳು ಬಸ್ಸಿನವಳು. “ಈಗ ನೋಡೋವಾಗ ಕೈ ತಪ್ಪಿ…”

ಇಸ್ತ್ರಿಯವಳು ಫೋನು ಕಿತ್ತುಕೊಂಡಳು. “ಇಲ್ಲ ಸ್ವಾಮಿ, ಅವಳ ತಪ್ಪಿಲ್ಲ. ಮುರಿದದ್ದು ನಾನು. ಬಿಲ್ಲು ನನ್ನ ಮಗಳದು.”

ಆ ಕಡೆಯ ದನಿ ಮೆತ್ತಗಾಗಿ ಏನನ್ನೋ ಕೇಳಿತು.

“ಇಲ್ಲಪ್ಪ,” ಎಂದಳು. “ಬೈಯೋಕೆ ಅವಳಿಲ್ಲ.”