ರಫೂ ಚಿಕ್ಕಮ್ಮನ ಕ್ಯಾಮೆರಾ ಪರೀಕ್ಷೆ

ಹರಿದ ಬಟ್ಟೆಯನ್ನು ಹರಿದೇ ಇಲ್ಲವೆಂಬಂತೆ ರಫೂ ಮಾಡುವುದು ನಮ್ಮ ಚಿಕ್ಕಮ್ಮನ ಕಸುಬು. ಅದನ್ನು ಕಲಿಸುವ ವಿಡಿಯೋ ಮಾಡಬೇಕೆಂದು ನನ್ನನ್ನು ಹಳೆ ಕ್ಯಾಮೆರಾ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯವನು ದುಬಾರಿ ಕ್ಯಾಮೆರಾ ಹಿಡಿದು ಪುರಾಣ ಬಿಚ್ಚಿದ. ನನಗೆ ತಲೆ ಕೆಟ್ಟಿತು.

“ಅದೆಲ್ಲ ಬೇಡಪ್ಪ. ಎಲ್ಲಕ್ಕಿಂತ ಅಗ್ಗದ್ದು ಕೊಡು. ಅದಕ್ಕೆ ದಾರ ಕಾಣುತ್ತಾ ನೋಡೋಣ,” ಎನ್ನುತ್ತ ಚಿಕ್ಕಮ್ಮ ಅವನ ನೀಲಿ ಅಂಗಿಯ ತೋಳಿನಲ್ಲಿದ್ದ ತೂತಿಗೆ ಬೆರಳಿಟ್ಟಳು. ಅವನು ನಾಚಿಕೊಂಡ.

ಅಂಗಿಯ ಅಂಚಿನಿಂದಲೇ ಎಳೆ ಬಿಡಿಸಿಕೊಂಡು, ಅವನು ತೊಟ್ಟಿರುವಾಗಲೇ ತನ್ನ ಚೀಲದ ಸೂಜಿ ಆಡಿಸಿದಳು. ಗೀರು ಬಿದ್ದ ಪುಟ್ಟ ಕ್ಯಾಮೆರಾದಲ್ಲಿ ನಾನು ವಿಡಿಯೋ ತೆಗೆದೆ. ಪರದೆಯ ಮೇಲೆ ಎಳೆಯೊಂದು ಏಳುತ್ತ, ಮುಳುಗುತ್ತ, ನೋಡನೋಡುತ್ತಲೇ ಬಟ್ಟೆಯಾಗುತ್ತಿತ್ತು. ಅವಳ ಪಕ್ಕದಲ್ಲೇ ಕೂತು ಬೆಳೆದವಳು ನಾನು. ಇದನ್ನು ಒಮ್ಮೆಯೂ ಕಂಡಿರಲಿಲ್ಲ.

ಮುಗಿದ ಮೇಲೆ ವಿಡಿಯೋ ಹಾಕಿ ತೋರಿಸಿದೆ. “ದಾರ ಕಾಣ್ತಿದೆ. ಇದೇ ಸಾಕು,” ಎಂದಳು ಚಿಕ್ಕಮ್ಮ, ಏನೂ ಆಗಿಲ್ಲವೆಂಬಂತೆ.

ಅಂಗಡಿಯವನು ತೋಳನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಬೆರಳಾಡಿಸಿದ. ಕೊನೆಗೆ ಮೆಲ್ಲಗೆ ಕೇಳಿದ: “ಅಮ್ಮಾ, ಆ ವಿಡಿಯೋ ಇನ್ನೊಂದ್ಸಲ ಹಾಕ್ತೀರಾ? ತೂತು ಎಲ್ಲಿತ್ತು ಅಂತ ನೋಡ್ಬೇಕು.”